ಡಿಕ್ಕಿಯ ಬಾಯಿ

೧
ಎಲ್ಲಿಂದ ಶುರು ಮಾಡಲಿ? ದೇವರ ಹೆಸರಿನಿಂದ ಎಂದು ಹಿರಿಯರು ಕಲಿಸಿದ್ದರು. ಆದರೆ ಈ ಕಥೆಯ ಮುದುಕನಿಗೆ ಸಿಟ್ಟಿರುವುದು ದೇವರ ಮೇಲಲ್ಲ, ಲೀಟರಿನ ಮೇಲೆ. ಲೀಟರಿನಿಂದಲೇ ಶುರುವಾಗಲಿ.

೨
ಹಾಲಿನ ಡೇರಿಯಲ್ಲಿ ದುಡಿದು ನಿವೃತ್ತನಾದವನಿಗೆ ಲೀಟರೆಂದರೆ ವೇದವಾಕ್ಯ. ಹೆಂಡತಿ ಗಾಲಿಕುರ್ಚಿ ಹಿಡಿದಾಗ ಕಾರು ಕೊಳ್ಳಲು ಹೋದ. ಹಿಂದೆ ಸಾಮಾನಿಡುವ ಡಿಕ್ಕಿ ನಾನೂರು ಲೀಟರ್ ಎಂದು ಬ್ರೋಷರಿನಲ್ಲಿ ಅಚ್ಚಾಗಿತ್ತು. ಮಡಿಸಿದ ಕುರ್ಚಿಯ ಉದ್ದ, ಅಗಲ, ದಪ್ಪ ಗುಣಿಸಿ ನೋಡಿದ, ಇನ್ನೂರೂ ಆಗಲಿಲ್ಲ. "ಇನ್ನೊಂದು ಕುರ್ಚಿಗೂ ಜಾಗ ಇದೆ ಕಣೇ" ಎಂದು ಅವಳಿಗೆ ಹೇಳಿದ.

ಕಾರು ಮನೆಗೆ ಬಂತು. ಕುರ್ಚಿ ಡಿಕ್ಕಿಯ ಬಾಯಲ್ಲೇ ಸಿಕ್ಕಿಕೊಂಡಿತು. ನಾಲ್ಕು ಬೆರಳು ಸಾಲಲಿಲ್ಲ.

(ಹಿಂದಿನ ಸೀಟಿನಲ್ಲಿ ಇಡಬಹುದಿತ್ತಲ್ಲ ಎನ್ನುತ್ತೀರಿ. ಅಲ್ಲಿ ಅವಳು ಕಾಲು ಚಾಚಿ ಮಲಗಬೇಕಿತ್ತು. ಬುದ್ಧಿ ಇರುವುದು ನಿಮಗೊಬ್ಬರಿಗೇ ಅಲ್ಲ.)

ಪ್ರಾರ್ಥನೆಗೆ ಹೋಗಬೇಕೆಂಬುದು ಅವಳ ಒಂದೇ ಆಸೆ. ಅದು ಮನೆಯ ಕಿಟಕಿಯ ಬಳಿ ಕೂತಲ್ಲೇ ಮುಗಿಯಿತು, ಅವಳೂ ಮುಗಿದಳು.

೩
[ಇಲ್ಲಿ ಅವಳ ಸಾವಿನ ಮೇಲೆ ಒಂದು ಪುಟವಿತ್ತು. ಮುದುಕ ಓದಿದ. "ಹರಿದು ಹಾಕು. ಜನರನ್ನ ಅಳಿಸೋಕೆ ಬರೆದಿದ್ದೀಯ. ನನಗೆ ಬರ್ತಿರೋದು ಅಳು ಅಲ್ಲ." ಹರಿದೆ.]

೪
ಮಗಳು ಅದೇ ಕಾರು ಕಂಪನಿಯಲ್ಲಿ ಬ್ರೋಷರ್ ಬರೆಯುವವಳು. ಹೊಸ ಕಾರಿನ ಡಿಕ್ಕಿಗೆ ಯಾವ ಅಳತೆ ಹಾಕುವುದೆಂದು ಅವಳೇ ತೀರ್ಮಾನಿಸಬೇಕು. ಮುದುಕ ಖಾಲಿ ಕುರ್ಚಿಯನ್ನು ಬೀದಿಯುದ್ದಕ್ಕೂ ತಳ್ಳಿಕೊಂಡು ಅವಳ ಆಫೀಸಿಗೇ ಬಂದ.

"ಅಪ್ಪ, ಲೀಟರ್ ಬೇಡ ಅಂದ್ರೆ ಘನ ಮೀಟರ್ ಹಾಕ್ತೀನಿ. ಎರಡೂ ಮೆಟ್ರಿಕ್ಕೇ."

"ನಾನೂರರ ಬದಲು ಸೊನ್ನೆ ಪಾಯಿಂಟ್ ನಾಲ್ಕು. ಅದೇ ಸುಳ್ಳಿಗೆ ಹೊಸ ಅಂಗಿ. ನಿಮ್ಮಮ್ಮ ಏನು ಹಾಲಾ, ಸುರಿಯೋಕೆ? ಬಾಯಿ ಎಷ್ಟಗಲ ಅಂತ ಸೆಂಟಿಮೀಟರಲ್ಲಿ ಬರಿ."

"ಮ್ಯಾನೇಜರ್ ಒಪ್ಪಲ್ಲಪ್ಪ."

"ಅವನ ಹೆಂಡ್ತಿ ನಡೀತಾಳೆ, ಅದಕ್ಕೆ."

೫
ಅಂತ್ಯ, ಒಂದನೆಯದು: ಮ್ಯಾನೇಜರ್ ಕಣ್ಣೊರೆಸಿಕೊಂಡು ಒಪ್ಪಿದ.

"ಅವನು ಅಷ್ಟು ಒಳ್ಳೆಯವನಾದ್ರೆ ಈ ಕಥೆ ಯಾಕೆ ಬೇಕಿತ್ತು?" ಎಂದ ಮುದುಕ. ಹೊಡೆದು ಹಾಕಿದೆ.

ಇನ್ನೊಂದು: ಮುದುಕ ಪ್ರಾರ್ಥನೆಗೆ ಕೂತ, ಮನಸ್ಸು ತಿಳಿಯಾಯಿತು.

"ದಿನಾ ಕೂರ್ತೀನಿ. ಸಿಟ್ಟು ಆರದೇ ಇರಲಿ ಅಂತಲೇ ಕೇಳ್ಕೋತೀನಿ. ನೀನು ಯಾರು ಅದನ್ನ ಆರಿಸೋಕೆ?"

ಅದನ್ನೂ ಹೊಡೆದೆ.

ಅಷ್ಟರಲ್ಲಿ, ನಾನು ಬರೆಯದೆಯೇ, ಮಗಳು ಟೇಪು ತೆಗೆದುಕೊಂಡು ಆಫೀಸಿನ ಅಂಗಳಕ್ಕಿಳಿದಳು. ಹೊಸ ಕಾರಿನ ಡಿಕ್ಕಿ ಎತ್ತಿದಳು.

"ಆ ತುದಿ ಹಿಡ್ಕೊ ಅಪ್ಪ."

ಹಿಡಿದ. ಟೇಪು ಸಡಿಲವಾಗಲು ಬಿಡಲಿಲ್ಲ.

ಎಷ್ಟು ಬಂತು, ಅಚ್ಚಾಯಿತೇ ಎಂದು ನನ್ನನ್ನು ಕೇಳಬೇಡಿ. ನಿಮ್ಮ ಕಾರೂ ಹೊರಗೆ ನಿಂತಿದೆಯಲ್ಲ. ಅದರ ಬಾಯಿ ಎಷ್ಟಗಲ, ಹೇಳಿ ನೋಡೋಣ.