ಹೊಲಿಗೆಯ ಒಳಗೆ ಬಿಟ್ಟ ಬಟ್ಟೆ

ಬೀದಿಯವರೆಲ್ಲ ಅವನನ್ನು ಅರ್ಧ ಇಂಚು ಎಂದೇ ಕರೆಯುತ್ತಿದ್ದರು. ಗಿಡ್ಡನೆಂದಲ್ಲ, ಬಾಗಿಲು ದಾಟುವಾಗ ತಲೆ ತಗ್ಗಿಸಬೇಕಾದ ಆಳು ಅವನು. ಅಂಗಿಯ ತೋಳು ಅರ್ಧ ಇಂಚು ಆಚೀಚೆಯಾದರೆ ಅನ್ನ ಗಂಟಲಲ್ಲಿ ಇಳಿಯದ ಸ್ವಭಾವ, ಅದಕ್ಕೆ ಆ ಹೆಸರು. ಈ ಹುಚ್ಚು ಅವನಿಗೆ ಅಕ್ಕನಿಂದ ಬಂದದ್ದು, ಅಕ್ಕನಿಗೆ ಅಪ್ಪನಿಂದ. ಅಪ್ಪ ಸತ್ತ ಮೇಲೆ ಟೈಲರ್ ಅಂಗಡಿಯನ್ನೂ ಹನ್ನೆರಡು ವರ್ಷದ ತಮ್ಮನನ್ನೂ ಒಟ್ಟಿಗೆ ಸಂಭಾಳಿಸಿದವಳು ಅಕ್ಕ. ಈಗ ಅಕ್ಕನಿಗೆ ಐವತ್ತು. ಅಳತೆ ತೆಗೆಯುವುದು, ಮಷಿನ್ ತುಳಿಯುವುದು ತಮ್ಮನ ಪಾಲು. ಬಟ್ಟೆ ಕತ್ತರಿಸುವುದು ಮತ್ತು ಕೈಯಲ್ಲಿ ಕಾಜ ಹಾಕುವುದು ಅಕ್ಕನ ಪಾಲು. ಅವಳು ಹಾಕಿದ ಗುಂಡಿಕಾಜ ನೋಡುವುದಕ್ಕೆಂದೇ ಅಂಗಿಯನ್ನು ತಿರುಗಿಸಿ ಮುರುಗಿಸಿ ಹಿಡಿಯುವ ಗಿರಾಕಿಗಳಿದ್ದರು.

ಅಂಗಡಿಗೆ ಅಪ್ಪನ ಕಾಲದ ಒಂದು ಕಟ್ಟಳೆಯಿತ್ತು. ಗಿರಾಕಿ ಉಬ್ಬಲಿ, ಸೊರಗಲಿ, ಒಂದು ಭುಜ ಇಳಿಯಲಿ, ಬೆನ್ನು ಬಾಗಲಿ, ಅದನ್ನು ಬಾಯಲ್ಲಿ ಆಡುವಂತಿಲ್ಲ. ಅಳತೆ ಪುಸ್ತಕದಲ್ಲಿ ತಾರೀಖು ಹಾಕಿ ಪೆನ್ಸಿಲಿನಲ್ಲಿ ಗುರುತು ಮಾಡಬೇಕು, ಆಮೇಲೆ ಬಟ್ಟೆಯನ್ನು ಹೇಗೆ ಹೊಲಿಯಬೇಕೆಂದರೆ ಹಾಕಿಕೊಂಡವನಿಗೇ ತನ್ನ ಮೈ ಬದಲಾಗಿದೆಯೆಂದು ತಿಳಿಯಬಾರದು. ಆ ಪುಸ್ತಕವನ್ನು ಹೊರಗಿನವರು ಮುಟ್ಟುವಂತೆಯೂ ಇರಲಿಲ್ಲ. ಮೊನ್ನೆ ತಾನೆ ಪಕ್ಕದ ಬೀದಿಯ ಮೇಷ್ಟ್ರ ಸೊಂಟ ಎರಡಿಂಚು ಇಳಿದದ್ದನ್ನು ಬರೆದುಕೊಂಡು ಅವನು ತುಟಿಪಿಟಕ್ಕೆನ್ನದೆ ಪ್ಯಾಂಟು ಬಿಗಿ ಮಾಡಿ ಕೊಟ್ಟಿದ್ದ. ಮೇಷ್ಟ್ರು ಖುಷಿಯಾಗಿ ಹೋಗಿದ್ದರು.

ಅಕ್ಕನ ವಿಷಯದಲ್ಲೂ ಅವನು ಮಾಡಿದ್ದು ಇದನ್ನೇ. ಅಂಗಡಿಯಲ್ಲಿ ಇಬ್ಬರೂ ಮುಚ್ಚು ಕಾಲರಿನ ಬೂದು ಕೋಟು ತೊಡುತ್ತಿದ್ದರು. ಅವಳದನ್ನು ಅವನು ಹೊಲಿಯಬೇಕು, ಅವನದನ್ನು ಅವಳು ಕತ್ತರಿಸಬೇಕು. ಗಿರಾಕಿಗೆ ಆ ಕೋಟುಗಳೇ ಅಂಗಡಿಯ ಬೋರ್ಡು. ಎಂಟು ತಿಂಗಳ ಹಿಂದೆ ಒಂದು ದಿನ ಅಕ್ಕ ಕಾಲರ್ ಎಳೆದುಕೊಂಡು, "ಇದೇನೋ ಹೀಗೆ ಕತ್ತು ಹಿಸುಕೋ ಹಾಗೆ ಹೊಲಿದಿದ್ದೀಯಾ?" ಎಂದು ಗದರಿದ್ದಳು. ಅಳೆದರೆ ಕತ್ತು ಕಾಲಿಂಚು ಹೆಚ್ಚು. ಸೊಂಟ ಒಂದಿಂಚು ಕಡಿಮೆ. ಅವನು ಎರಡನ್ನೂ ಸದ್ದಿಲ್ಲದೆ ಸರಿಮಾಡಿದ. ಆರು ವಾರ ಬಿಟ್ಟು ಮತ್ತೆ ಅದೇ ದೂರು, ಅದೇ ರಿಪೇರಿ. ಐದು ಸಲ ಹೀಗಾಯಿತು. ಕಾಲರ್ ಹದಿಮೂರು ಮುಕ್ಕಾಲರಿಂದ ಹದಿನೈದಕ್ಕೆ ಏರಿತು, ಸೊಂಟ ಮೂವತ್ತೈದರಿಂದ ಮೂವತ್ತಕ್ಕೆ ಇಳಿಯಿತು. ಕೋಟು ಮಾತ್ರ ಮೊದಲ ದಿನದಷ್ಟೇ ಲಕ್ಷಣವಾಗಿ ಕೂತಿತ್ತು. ತನ್ನ ಕೈಚಳಕಕ್ಕೆ ತಾನೇ ಬೆನ್ನು ತಟ್ಟಿಕೊಂಡಿದ್ದ, ಪುಣ್ಯಾತ್ಮ.

ಆದರೆ ಮನಸ್ಸಿನಲ್ಲೊಂದು ಹುಳ ಕೊರೆಯುತ್ತಿತ್ತು. ಮೂವತ್ತು ವರ್ಷದಲ್ಲಿ ಅವನು ಎಷ್ಟು ಕತ್ತು ಅಳೆದಿಲ್ಲ! ಮೈ ಇಳಿದರೆ ಕತ್ತೂ ಇಳಿಯುತ್ತದೆ, ಏರಿದರೆ ಏರುತ್ತದೆ. ಒಂದು ಏರಿ ಇನ್ನೊಂದು ಇಳಿದದ್ದನ್ನು ಅವನ ಟೇಪು ಎಂದೂ ಕಂಡಿರಲಿಲ್ಲ. ಟೇಪು ಹಿಗ್ಗಿದೆಯೇನೋ ಎಂದು ಉಕ್ಕಿನ ಪಟ್ಟಿಗೆ ಹಿಡಿದು ನೋಡಿದ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಹೊಸ ಟೇಪು ತಂದು ಅಳೆದ. ಅದೇ ಲೆಕ್ಕ. ಟೇಪು ಸರಿಯಿದೆ ಎಂದ ಮೇಲೆ ಕೆಟ್ಟಿರುವುದು ತಾನೇ ಎಂದು ಅವನಿಗೆ ಖಾತ್ರಿಯಾಯಿತು. ಅಕ್ಕನ ಮೈಯಲ್ಲಿ ಏನಾದರೂ ಆಗಿರಬಹುದೆಂಬ ಯೋಚನೆ ಅವನ ತಲೆಯ ಹತ್ತಿರಕ್ಕೂ ಸುಳಿಯಲಿಲ್ಲ. ಅಳತೆ ಹೊಂದದಿದ್ದರೆ ತಪ್ಪು ಟೈಲರನದು, ಅಷ್ಟೇ ಅವನಿಗೆ ಗೊತ್ತಿದ್ದ ವಿದ್ಯೆ.

ಅಳತೆ ಪುಸ್ತಕವನ್ನು ಕಾಗದದಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಒಂದು ಬೆಳಿಗ್ಗೆ ಬೀದಿ ಕೊನೆಯ ಕ್ಲಿನಿಕ್ಕಿಗೆ ಹೋದ. ಅಲ್ಲಿನ ಡಾಕ್ಟರಮ್ಮ ಕಡಿಮೆ ಮಾತಿನವರು. ಅವರ ಬಿಳಿ ಕೋಟಿನ ಎಡಭುಜ ಜೋತಿದ್ದದ್ದು ಕಣ್ಣಿಗೆ ಬಿದ್ದು, ಸರಿಮಾಡಲು ಅವನ ಕೈ ತುರಿಸಿತು.

"ನನ್ನ ಕಣ್ಣು ನೋಡಿ ಡಾಕ್ಟ್ರೇ. ಇಲ್ಲಾಂದ್ರೆ ತಲೆ ನೋಡಿ. ಎರಡ್ರಲ್ಲಿ ಒಂದು ಕೆಟ್ಟಿದೆ."

ಡಾಕ್ಟರು ಗೋಡೆಯ ಅಕ್ಷರ ಓದಿಸಿದರು. ಅವನು ಕೊನೆಯ ಸಾಲಿನವರೆಗೂ ಓದಿ, ಅದರ ಕೆಳಗೆ ಇರುವೆಯಷ್ಟು ಚಿಕ್ಕದಾಗಿದ್ದ ಪ್ರೆಸ್ಸಿನ ಹೆಸರನ್ನೂ ಓದಿ ಮುಗಿಸಿದ.

"ಕಣ್ಣಲ್ಲ. ಮತ್ತೆ ತಲೆ ಕೆಟ್ಟಿದೆ ಅಂತ ಯಾಕೆ ಅನ್ನಿಸ್ತು?"

ಅವನು ಪುಸ್ತಕ ಬಿಚ್ಚಿ, ಹೆಸರಿನ ಮೇಲೆ ಅಂಗೈ ಮುಚ್ಚಿ, ಐದು ಸಾಲು ತೋರಿಸಿದ. "ಒಬ್ಬ ಗಿರಾಕಿ ಅಳತೆ. ಐದು ಸಲಾನೂ ತಪ್ಪಿದ್ದೀನಿ."

ಡಾಕ್ಟರು ಒಂದು ಸಲ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಂದು ಸಲ ಓದಿದರು. "ಈ ಗಿರಾಕಿಗೆ ಸೆಕೆ ಜಾಸ್ತಿನಾ? ಬೇರೆಯವರು ಬೆಚ್ಚಗೆ ಹೊದ್ದು ಕೂತಿದ್ರೆ ಇವರು ಕಿಟಕಿ ತೆಗಿ ಅಂತಾರಾ?"

"ಅಂತಾರೆ."

"ಊಟ ಹೇಗೆ? ಹಸಿವಿಲ್ವಾ?"

"ಅಯ್ಯೋ, ನನ್ನ ಪಾಲೂ ಅವಳೇ ಉಣ್ತಾಳೆ," ಎಂದವನು ನಾಲಿಗೆ ಕಚ್ಚಿಕೊಂಡ.

ಡಾಕ್ಟರು ಕೇಳಿಸದವರಂತೆ ಮುಂದುವರಿದರು. "ಆದ್ರೂ ಸಣ್ಣ ಆಗ್ತಿದ್ದಾರೆ. ನಿದ್ದೆ ಸರಿಯಿಲ್ಲ. ಸಣ್ಣಪುಟ್ಟದಕ್ಕೂ ರೇಗ್ತಾರೆ. ಮೆಟ್ಟಿಲು ಹತ್ತಿದ್ರೆ ಎದೆ ಡವಡವ. ಕೈ ನಡುಗುತ್ತೆ."

ಹೊಸ್ತಿಲೊಳಗೆ ಕಾಲಿಡದ ಹೆಂಗಸು ಅಕ್ಕ ತಮ್ಮನ ಮನೆಯ ಎಂಟು ತಿಂಗಳನ್ನು ಪಟಪಟನೆ ಒಪ್ಪಿಸುತ್ತಿದ್ದಾರೆ! ಅಕ್ಕ ಪಿನ್ನಿನ ಡಬ್ಬಿ ಎಸೆದದ್ದು, ಮೂರು ಗಂಟೆಗೇ ಎದ್ದು ನೆಲ ಒರೆಸುತ್ತಿದ್ದದ್ದು ಎಲ್ಲವೂ ಇವರಿಗೆ ಗೊತ್ತು. ಕೈ ನಡುಗುವುದೂ ಗೊತ್ತು! ಅದು ಅಕ್ಕ ಬಚ್ಚಿಟ್ಟದ್ದು. ಅವನು ನೋಡಿಯೂ ನೋಡದಂತೆ ಇದ್ದದ್ದು.

"ನಿಮಗೆ ಹೇಗೆ ಗೊತ್ತಾಯ್ತು?"

"ನೀವೇ ಬರೆದಿದ್ದೀರಲ್ಲ. ತಾರೀಖು ಸಮೇತ. ನಮ್ಮ ಹತ್ರ ಬರೋರಿಗೆ ಯಾವಾಗಿನಿಂದ ಅಂದ್ರೆ ನೆನಪೇ ಇರಲ್ಲ. ಕತ್ತಿನ ಮುಂದುಗಡೆ ಥೈರಾಯ್ಡ್ ಅಂತ ಒಂದು ಗ್ರಂಥಿ ಇದೆ. ಮೈ ಎಷ್ಟು ಜೋರಾಗಿ ಓಡಬೇಕು, ಎಷ್ಟು ನಿಧಾನ ಆಗಬೇಕು ಅನ್ನೋದು ಅದರ ಕೈಲಿದೆ. ಕೆಲವರಿಗೆ ಅದು ಮಂದ ಆಗುತ್ತೆ. ಆಗ ಸುಸ್ತು, ಚಳಿ, ಮೈ ಭಾರ. ಕೆಲವರಿಗೆ ಅತಿ ಆಗುತ್ತೆ. ನಿಮ್ಮ ಮಷಿನ್ ಪೆಡಲ್ ಮೇಲೆ ಯಾರೋ ಕಾಲಿಟ್ಟು ತೆಗೀತಾನೇ ಇಲ್ಲ ಅಂದ್ಕೊಳ್ಳಿ. ಪರೀಕ್ಷೆ ಮಾಡದೆ ಖಚಿತವಾಗಿ ಹೇಳಲ್ಲ. ನಿಮಗೇನೂ ಆಗಿಲ್ಲ, ಆ ಗಿರಾಕೀನ ಕರ್ಕೊಂಡ್ಬನ್ನಿ. ಅಲ್ಲ, ಇಷ್ಟು ದಿನ ಕತ್ತು ಊದಿದ್ದು ಯಾರ ಕಣ್ಣಿಗೂ ಬೀಳಲಿಲ್ವಾ?"

ಬಿದ್ದಿರಲಿಲ್ಲ. ಬೀಳದ ಹಾಗೆ ಐದು ಸಲ ಕಾಲರ್ ಹೊಲಿದವನು ಪುಸ್ತಕ ಮಡಚಿ ಎದ್ದುನಿಂತ. ಇಳಿದ ಮೈ ಕಾಣದ ಹಾಗೆ ಕೋಟಿನ ಸೊಂಟ ಬಿಗಿ ಮಾಡಿದವನೂ ಅವನೇ. ಬೀದಿಗೆ ಬಂದಾಗ ಅವನಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

ಅಂಗಡಿಯಲ್ಲಿ ಅಕ್ಕ ಮೇಜಿನ ಮುಂದೆ ಸುಮ್ಮನೆ ಕೂತಿದ್ದಳು. ಎದುರಿಗೆ ಒಂದು ಅಂಗಿ, ಅದರ ಮೇಲೆ ಅವಳದೇ ಕೈಯ ಒಂದು ಕಾಜ, ಸೊಟ್ಟ. ದಾರ ಬಿಚ್ಚಿ ಮತ್ತೆ ಹಾಕಿದ ಗುರುತುಗಳು ಮೂರು ಕಡೆ ಇದ್ದವು. ಅವನು ತೊದಲುತ್ತ ವಿಷಯ ಹೇಳಿದ. ಅಕ್ಕ ಪುಸ್ತಕವನ್ನು ನೋಡಿ ಕೆರಳಿದಳು.

"ನನ್ನ ಮೈ ಅಳತೇನ ಊರಿಗೆಲ್ಲ ಹಂಚಿ ಬಂದ್ಯಾ? ಅಪ್ಪ ಕಲಿಸಿದ್ದು ಇದೇನಾ?"

"ತಪ್ಪಾಯ್ತು ಅಕ್ಕ. ಆದ್ರೆ ಅವರು..."

"ಅವರೇನು ಹೇಳೋದು? ನನಗೆ ಗೊತ್ತಿಲ್ವಾ ಇದೇನು ಅಂತ? ಅಪ್ಪನ ಕೈ ಮರ್ತುಹೋಯ್ತಾ ನಿಂಗೆ?" ಸೊಟ್ಟ ಕಾಜದ ಅಂಗಿಯನ್ನು ಅವನತ್ತ ತಳ್ಳಿದಳು. "ಕೊನೇಲಿ ಸೂಜಿಗೆ ದಾರ ಪೋಣಿಸೋಕೂ ಆಗದೆ ಗೋಡೆ ನೋಡ್ಕೊಂಡು ಕೂತಿರ್ತಿದ್ದ. ಅದೇ ನಡುಕ ನಂಗೂ ಬಂದಿದೆ. ಈ ತಿಂಗಳ ಕೆಲಸ ಮುಗಿಸಿ ಸೂಜಿ ಕೆಳಗಿಡ್ತೀನಿ. ಇನ್ನು ಈ ಕೈ ಕಾಜ ಹಾಕಲ್ಲ ಕಣೋ."

ಅವನು ಕೊರಳಲ್ಲಿದ್ದ ಟೇಪು ತೆಗೆದು ಅವಳ ಕೈಗಿಟ್ಟು, ಟ್ರಯಲ್ ಕನ್ನಡಿಯ ಮುಂದೆ ನಿಲ್ಲಿಸಿದ. "ನಂದು ಬೇಡ, ಡಾಕ್ಟ್ರದೂ ಬೇಡ. ನೀನೇ ಅಳೆದು ನೋಡು. ಅಪ್ಪನ ಕತ್ತು ಯಾವತ್ತಾದ್ರೂ ಊದಿತ್ತಾ ಹೇಳು."

ಅಕ್ಕ ಕಾಲರ್ ಗುಂಡಿ ಬಿಚ್ಚಿದಳು. ಟೇಪು ಸುತ್ತಿದಳು, ಓದಿದಳು, ಸಡಿಲಿಸಿ ಮತ್ತೆ ಸುತ್ತಿ ಓದಿದಳು. ಹದಿನೈದು. ಡಾಕ್ಟರನ್ನು ನಂಬದವಳು ಟೇಪನ್ನು ನಂಬಿದಳು. "ಚಪ್ಪಲಿ ಎಲ್ಲೋ?" ಎಂದಳು.

ಕ್ಲಿನಿಕ್ಕಿನಲ್ಲಿ ಡಾಕ್ಟರು ಅಕ್ಕನಿಗೆ ಎರಡೂ ಕೈ ಮುಂದೆ ಚಾಚಲು ಹೇಳಿ, ಬೆರಳುಗಳ ಮೇಲೆ ಒಂದು ತೆಳು ಕಾಗದ ಇಟ್ಟರು. ಗಾಳಿಯಿಲ್ಲದ ಕೋಣೆಯಲ್ಲಿ ಕಾಗದ ಪರಪರನೆ ಅದುರಿತು. ಅಕ್ಕ ಕಣ್ಣು ಮುಚ್ಚಿಕೊಂಡಳು.

"ನಿಮ್ಮಪ್ಪನ ಕೈ ಯಾವಾಗ ನಡುಗ್ತಿತ್ತು? ಹೀಗೆ ಚಾಚಿದಾಗಲೋ, ತೊಡೆ ಮೇಲೆ ಸುಮ್ಮನೆ ಇಟ್ಟಾಗಲೋ?"

"ಸುಮ್ಮನೆ ಇಟ್ಟಾಗ. ಬೆರಳ ಮಧ್ಯೆ ಮಾತ್ರೆ ಉರುಳಿಸ್ತಿರೋ ಹಾಗೆ. ನಿಧಾನಕ್ಕೆ."

"ಈಗ ನಿಮ್ಮ ಕೈ ತೊಡೆ ಮೇಲಿಡಿ."

ಇಟ್ಟಳು. ಕೈ ಸುಮ್ಮನಾಯಿತು. ಮೂವರೂ ಆ ಕೈಯನ್ನೇ ನೋಡಿದರು.

"ಅದು ಬೇರೆ, ಇದು ಬೇರೆ," ಎಂದರು ಡಾಕ್ಟರು. ಒಂದು ಲೋಟ ನೀರು ಕೊಟ್ಟು, "ಒಂದು ಗುಟುಕು ಕುಡೀರಿ" ಎಂದರು. ಅಕ್ಕ ನುಂಗಿದಳು. ಗಂಟಲ ಬುಡದಲ್ಲಿ ಚರ್ಮದಡಿ ಮೆತ್ತಗಿನ ಉಬ್ಬೊಂದು ನೀರಿನ ಜೊತೆಗೇ ಮೇಲೆ ಸರಿದು ಮತ್ತೆ ಕೆಳಗಿಳಿಯಿತು. ಅವನು ಬಗ್ಗಿ ನೋಡಿದ. ತಾನು ಐದು ಸಲ ಬಟ್ಟೆ ಮುಚ್ಚಿದ ಆ ಜಾಗದಲ್ಲಿ ಅದು ತನ್ನ ಪಾಡಿಗೆ ಏರಿ ಇಳಿಯುತ್ತಿತ್ತು. ಅವನಿಗೆ ಕೈ ಮುಗಿಯಬೇಕೆನ್ನಿಸಿತು, ಯಾರಿಗೆ ಎಂದು ಗೊತ್ತಾಗಲಿಲ್ಲ.

ನಾಡಿ ಕೂತಲ್ಲೇ ನೂರಿಪ್ಪತ್ತು ಹೊಡೆಯುತ್ತಿತ್ತು. ಮೂರು ದಿನಕ್ಕೆ ಬಂದ ರಕ್ತದ ವರದಿ ಡಾಕ್ಟರ ಮಾತನ್ನು ಖಚಿತ ಮಾಡಿತು. ಎರಡು ಬಗೆಯ ಮಾತ್ರೆ ಬರೆದುಕೊಟ್ಟರು. ಒಂದು ಎದೆಬಡಿತ ಮತ್ತು ಕೈ ನಡುಕಕ್ಕೆ, ಬೇಗ ಕೆಲಸ ಮಾಡುವಂಥದ್ದು. ಇನ್ನೊಂದು ಗ್ರಂಥಿಯ ಆರ್ಭಟ ಇಳಿಸುವುದಕ್ಕೆ, ವಾರಗಟ್ಟಲೆ ಕಾಯಿಸುವಂಥದ್ದು, ವರ್ಷ ಒಂದೂವರೆ ವರ್ಷ ನುಂಗಬೇಕಾದದ್ದು. "ಚೆನ್ನಾಗಾಯ್ತು ಅಂತ ನೀವೇ ನಿಲ್ಲಿಸಬೇಡಿ. ಜ್ವರ ಬಂದ್ರೆ, ಗಂಟಲು ನೋವು ಬಂದ್ರೆ, ಈ ಎರಡನೇ ಮಾತ್ರೆ ಬಿಟ್ಟು ಅವತ್ತೇ ಇಲ್ಲಿಗೆ ಓಡಿ ಬನ್ನಿ, ರಕ್ತ ನೋಡಬೇಕಾಗುತ್ತೆ. ಇದೊಂದು ಮರೀಬೇಡಿ."

"ಅದು ಎಷ್ಟು ದೊಡ್ಡದು ಡಾಕ್ಟ್ರೇ, ಆ ಗ್ರಂಥಿ?" ಅರ್ಧ ಇಂಚು ಬಾಗಿಲಲ್ಲಿ ನಿಂತು ಕೇಳಿದ.

"ಸರಿಯಾಗಿದ್ದಾಗ ಇಪ್ಪತ್ತು ಗ್ರಾಮ್ ಇರಬಹುದು. ಚಿಟ್ಟೆ ಆಕಾರ."

ಮರುದಿನ ಅಂಗಡಿ ಬಾಗಿಲು ತೆಗೆದವನೇ ಪಕ್ಕದ ಅಂಗಡಿಯಿಂದ ತಂದ ತಕ್ಕಡಿಯಲ್ಲಿ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿದ. ಎಂಟಕ್ಕೆ ಇಪ್ಪತ್ತು ಗ್ರಾಮ್ ಆಯಿತು. ಎಂಟು ಗುಂಡಿಯನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನಿಂತ. ಇಷ್ಟೇ ಇಷ್ಟು! ಅಕ್ಕನ ಹಸಿವು, ನಿದ್ದೆ, ಸಿಟ್ಟು, ಕೈ, ಎದೆ ಎಲ್ಲದರ ಲಗಾಮು ಇಷ್ಟರ ಕೈಯಲ್ಲಿ. ಮೂವತ್ತು ವರ್ಷ ಮನುಷ್ಯರನ್ನು ಹೊರಗಿನಿಂದ ಅಳೆದೆ, ಒಳಗೆ ಎಂಥ ಕಸುಬುದಾರಿಕೆ ನಡೆದಿದೆಯೆಂದು ಒಂದು ದಿನವೂ ಯೋಚಿಸಲಿಲ್ಲವಲ್ಲ ಎಂದು ಅವನಿಗೆ ಬೆರಗೋ ಬೆರಗು. ಅಂದು ಅಂಗಡಿಗೆ ಬಂದ ಪ್ರತಿಯೊಬ್ಬರ ಕತ್ತನ್ನೂ ಅವನು ಎಷ್ಟು ಮರ್ಯಾದೆಯಿಂದ ಅಳೆದನೆಂದರೆ ಕೆಲವರಿಗೆ ಮುಜುಗರವೇ ಆಯಿತು.

ವಾರದೊಳಗೆ ಅಕ್ಕನ ನಡುಕ ತಗ್ಗಿತು. ತಿಂಗಳಿಗೆ ನಿದ್ದೆ ಬಂತು. ಗುದ್ದಾಟವಿಲ್ಲದ ಅಂಗಡಿಯಲ್ಲಿ ಅರ್ಧ ಇಂಚಿಗೆ ಮೊದಮೊದಲು ಏನೋ ಕಳೆದುಕೊಂಡಂತೆ ಅನ್ನಿಸಿದ್ದೂ ಉಂಟು. ಮೂರನೆಯ ತಿಂಗಳು ಕೋಟಿನ ಸೊಂಟ ಬಿಗಿಯಾಯಿತು. ಅಕ್ಕ ತಾನೇ ಕೂತು ಹೊಲಿಗೆ ಬಿಚ್ಚಿದಳು. ಒಳಗೆ ಮಡಿಕೆಯ ಮೇಲೆ ಮಡಿಕೆ, ಬಿಸಿಲು ಕಾಣದ, ಬಣ್ಣ ಮಾಸದ ಬಟ್ಟೆ. ಒಂದು ಎಳೆಯನ್ನೂ ಅವನು ಕತ್ತರಿಸಿ ಎಸೆದಿರಲಿಲ್ಲ. ಅಕ್ಕ ಅದನ್ನು ಹರಡಿಕೊಂಡು ಅಂಗೈಯಲ್ಲಿ ಸವರಿದಳು.

"ಇಷ್ಟೂ ಒಳಗೇ ಬಿಟ್ಟಿದ್ಯಾ?"

"ಮತ್ತೆ ಬೇಕಾಗುತ್ತೆ ಅಂತ."

"ಇಷ್ಟೆಲ್ಲ ಬಟ್ಟೆ ಬಚ್ಚಿಡೋಕೆ ಬಂತು. ಅಕ್ಕ, ಯಾಕೋ ಸೊರಗ್ತಿದ್ದೀಯಲ್ಲ ಅಂತ ಒಂದು ಮಾತು ಕೇಳೋಕೆ ಬರಲಿಲ್ವೇನೋ?"

"ನೀನೇ ಕಲಿಸಿದ್ದು," ಎಂದ ಅವನು. ಇಬ್ಬರ ಕಣ್ಣೂ ತುಂಬಿದವು. ಅಕ್ಕ ಮೂಗು ಸೀಟಿಕೊಂಡು, ಸೂಜಿ ತೆಗೆದು, ಬೆಳಕಿಗೆ ಹಿಡಿದು, ಒಂದೇ ಸಲಕ್ಕೆ ದಾರ ಪೋಣಿಸಿದಳು. ಕಾಲರಿಗೆ ಹೊಸ ಕಾಜ ಹಾಕಲು ಶುರುಮಾಡಿದಳು. ಅವನು ಮಷಿನ್ ನಿಲ್ಲಿಸಿ ನೋಡುತ್ತ ಕೂತ. ಎಳೆಯ ಪಕ್ಕ ಎಳೆ ನೆಟ್ಟಗೆ ಬಂದು ಕೂರುತ್ತಿತ್ತು.

ಆಗಲೇ ಮೇಷ್ಟ್ರು ಅದೇ ಪ್ಯಾಂಟು ಹಿಡಿದುಕೊಂಡು ಬಂದರು, ಮತ್ತೆ ಸಡಿಲವಾಗಿದೆಯಂತೆ. ಬಂದವರೇ ಹೂಜಿಯಿಂದ ಎರಡು ಲೋಟ ನೀರು ಬಗ್ಗಿಸಿಕೊಂಡು ಕುಡಿದರು. ಅವನು ಟೇಪು ಸುತ್ತಿದ. ಮತ್ತೊಂದೂವರೆ ಇಂಚು ಇಳಿದಿತ್ತು. ಪೆನ್ಸಿಲ್ ಹಿಡಿದ ಕೈ ಪುಸ್ತಕದ ಮೇಲೆ ನಿಂತಿತು. ಅವನು ಅಕ್ಕನ ಕಡೆ ನೋಡಿದ. ಗಿರಾಕಿಯ ಮುಂದೆ ಅಪ್ಪನ ಕಟ್ಟಳೆ ಅಪ್ಪನ ಕಾಲದಿಂದ ಒಮ್ಮೆಯೂ ಮುರಿದಿರಲಿಲ್ಲ. ಅಕ್ಕ ಕಾಜದಿಂದ ತಲೆಯೆತ್ತಲಿಲ್ಲ, ಬಾಯಿ ಮಾತ್ರ ತೆರೆದಳು.

"ಮೇಷ್ಟ್ರೇ, ನಿಮ್ಮ ಸೊಂಟ ನಾಲ್ಕು ತಿಂಗಳಲ್ಲಿ ಮೂರೂವರೆ ಇಂಚು ಇಳಿದಿದೆ."

"ಹೌದಾ!" ಮೇಷ್ಟ್ರು ಕನ್ನಡಿಯ ಮುಂದೆ ಎದೆ ಉಬ್ಬಿಸಿದರು. "ಚೆನ್ನಾಗಿ ಕಾಣ್ತೀನಲ್ವಾ?" ಎಂದು ಮತ್ತೆ ಹೂಜಿಗೆ ಲೋಟ ಹಿಡಿದರು.

"ಕಾಣ್ತೀರಿ. ನಮ್ಮ ಹುಡುಗ ಚೆನ್ನಾಗಿ ಹೊಲಿದಿದ್ದಾನೆ, ಅದಕ್ಕೆ. ಮೂರನೇ ಲೋಟ ಆಮೇಲೆ ಕುಡಿಯೋರಂತೆ, ಈಗ ಇಲ್ಲಿ ಬಂದು ಕೂತ್ಕೊಳ್ಳಿ. ಇಷ್ಟೊಂದು ಬಾಯಾರಿಕೆ ಯಾವಾಗಿನಿಂದ ಹೇಳಿ, ಡಾಕ್ಟರಮ್ಮ ಕೇಳ್ತಾರೆ."

ಮೇಷ್ಟ್ರು ಲೋಟ ಕೆಳಗಿಟ್ಟು ಬಂದು ಕೂತರು. ಅವನು ಪುಸ್ತಕವನ್ನು ತಿರುಗಿಸಿ ಅವರ ಮುಂದಿಟ್ಟ.