ಗೆತುಕ್‌ನ ತೂಕ

ನನ್ನ ಅಣ್ಣ ತುಂಗುಲ್ ಮೂವತ್ತು ವರ್ಷ ಲಾರಿಗಳ ಹಿಂಬದಿಗೆ ಚಿತ್ರ ಬರೆದವನು. ನಮ್ಮೂರು ಸಲಾತಿಗಾದಿಂದ ಸೆಮಾರಾಂಗ್ ನಗರಕ್ಕೆ ಇಳಿಯುವ ದಾರಿಯಲ್ಲಿ ಅವನ ಹುಲಿಗಳು, ಹದ್ದುಗಳು, ಗಂಡನಿಗಾಗಿ ಕಾಯುವ ಹೆಂಗಸರು ಇವತ್ತಿಗೂ ಓಡಾಡುತ್ತಾರೆ. ಗ್ಲಾಕೋಮಾ ಮೊದಲು ಅವನ ಎಡಗಣ್ಣನ್ನು ತೆಗೆದುಕೊಂಡಿತು. ಬಲಗಣ್ಣಲ್ಲಿ ಬೆಳಕು ಮತ್ತು ನೆರಳು ಉಳಿದಿತ್ತು, ಅಷ್ಟೆ. ಅವನಿಗೆ ಮದುವೆಯಾಗಿರಲಿಲ್ಲ, ನನ್ನ ಗಂಡ ತೀರಿಕೊಂಡಿದ್ದ. ಒಂದೇ ಮನೆಯಲ್ಲಿದ್ದೆವು. ನಾನು ಅವನನ್ನು ಮಾಸ್, ಅಂದರೆ ಅಣ್ಣ, ಎಂದು ಕರೆಯುತ್ತಿದ್ದೆ, ಅವನು ನನ್ನನ್ನು ನಾರ್ ಎಂದು. ಹಿಂದಿನ ಕೋಣೆಯಲ್ಲಿ ಅವನ ಒಂಬತ್ತು ಹೆಬ್ಬಾವುಗಳಿದ್ದವು.

ಮೇಕೆ ನುಂಗುವ ಹೆಬ್ಬಾವುಗಳಲ್ಲ. ಹೆದರಿದರೆ ತಲೆಯನ್ನು ಒಳಗಿಟ್ಟುಕೊಂಡು ಚೆಂಡಿನ ಹಾಗೆ ಮುದುಡುವ ಸಣ್ಣ ಜಾತಿಯವು. ಅಣ್ಣ ಅವಕ್ಕೆಲ್ಲ ನಮ್ಮ ಸಂತೆಯ ಸಿಹಿತಿಂಡಿಗಳ ಹೆಸರಿಟ್ಟಿದ್ದ. ಗೆತುಕ್, ಕ್ಲೆಪೋನ್, ವಾಜಿಕ್, ಲುಪಿಸ್, ಹೀಗೆ. "ಹುಲಿ, ಸಿಂಹ ಅಂತ ಇಟ್ಟಿದ್ರೆ ನೀನು ಈ ಕೋಣೆಗೆ ಕಾಲಿಡ್ತಿದ್ಯಾ?" ಎನ್ನುತ್ತಿದ್ದ.

ಒಂದೊಂದು ಹಾವಿಗೂ ಒಂದೊಂದು ಕಾರ್ಡು. ಯಾವತ್ತು ಇಲಿ ತಿಂದಿತು, ಯಾವತ್ತು ಬೇಡವೆಂದಿತು, ಪೊರೆ ಪೂರ್ತಿ ಬಿಟ್ಟಿತೋ ಚೂರು ಚೂರಾಗಿ ಬಿಟ್ಟಿತೋ, ತೂಕ ಎಷ್ಟು. ಹಳೆಯ ಕಾರ್ಡುಗಳಲ್ಲಿ ಅವನ ಅಕ್ಷರ ಲಾರಿಯ ಮೇಲಿನ ಬರಹದಷ್ಟೇ ಚಂದ. ಕಣ್ಣು ಮಂಜಾದ ಮೇಲೆ ಬರೆಯುವ ಕೆಲಸ ನನಗೆ ಬಂತು. ಭಾನುವಾರ ಬೆಳಿಗ್ಗೆ ಅವನು ಹಾವನ್ನು ಎತ್ತಿ ತಕ್ಕಡಿಯ ಡಬ್ಬಿಯಲ್ಲಿಡುತ್ತಿದ್ದ, ನಾನು ಅಂಕಿ ಓದಿ ಬರೆದುಕೊಳ್ಳುತ್ತಿದ್ದೆ. ಪಕ್ಕದ ಮನೆಯ ಸರ್ಮಿನಿ ಬೇಲಿಯ ಮೇಲಿಂದ ಕೂಗುತ್ತಿದ್ದಳು, "ಏನ್ ನಾರ್, ಈ ವಾರ ಯಾರು ಫಸ್ಟ್ ಬಂದ್ರು?"

ಈ ಹಾವುಗಳು ಸುಮ್ಮಸುಮ್ಮನೆ ಎರಡು ಮೂರು ತಿಂಗಳು ಉಪವಾಸ ಇರುತ್ತವೆ. ಅದಕ್ಕೆ ಅಣ್ಣ ಹೆದರುತ್ತಿರಲಿಲ್ಲ. "ತಿನ್ನದೇ ಇದ್ರೆ ಚಿಂತೆ ಇಲ್ಲ. ತೂಕ ಹತ್ತರಲ್ಲಿ ಒಂದು ಪಾಲು ಇಳೀತು ಅಂದ್ರೆ ಮಾತ್ರ ಆ ಹಾವನ್ನ ಬೇರೆ ಇಡ್ಬೇಕು, ಡಾಕ್ಟ್ರ ಹತ್ರ ಓಡ್ಬೇಕು. ಮಿಕ್ಕಿದ್ದೆಲ್ಲ ಅವುಗಳ ಇಷ್ಟ." ಇದು ಅವನ ನಿಯಮ. ಕಾರ್ಡುಗಳಿದ್ದದ್ದೇ ಇದಕ್ಕಾಗಿ.

ಫೆಬ್ರವರಿಯ ಒಂದು ಗುರುವಾರ ಕಣ್ಣಿನ ಡಾಕ್ಟರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಬಲಗಣ್ಣೂ ಉಳಿಯುವುದಿಲ್ಲ, ವರ್ಷದೊಳಗೆ. ಅಣ್ಣ ಮನೆಗೆ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿದ. ಶುಕ್ರವಾರ ತಟ್ಟೆಯಲ್ಲಿಟ್ಟ ಅನ್ನ, ಸೋಯಾ ಕಾಳಿನ ತೆಂಪೆ ಹಾಗೆಯೇ ಒಣಗಿದವು. ಶನಿವಾರವೂ ಅಷ್ಟೆ. ಭಾನುವಾರ ತಾನಾಗಿ ಎದ್ದು, ಗೋಡೆ ತಡಕುತ್ತಾ ಹಿಂದಿನ ಕೋಣೆಗೆ ಹೋಗಿ, "ನಾರ್, ಕಾರ್ಡ್ ತಗೊಂಡ್ ಬಾ" ಎಂದ. ಮೂರು ದಿನದಲ್ಲಿ ಅವನಾಡಿದ ಮೊದಲ ಮಾತು ಅದು.

ಗೆತುಕ್ ಅವನ ಮೊದಲ ಹಾವು, ಹದಿನಾಲ್ಕು ವರ್ಷದ್ದು. ಹಿಂದಿನ ವಾರ ಸಾವಿರದ ಐನೂರ ನಲವತ್ತು ಗ್ರಾಂ ಇತ್ತು. ಈಗ ತಕ್ಕಡಿ ಸಾವಿರದ ಐನೂರ ಐದು ತೋರಿಸಿತು.

"ಎಷ್ಟು?" ಎಂದ.

ಅವನ ಮುಖ ನೋಡಿದೆ. "ಸಾವಿರದ ಐನೂರ ನಲವತ್ತೈದು, ಮಾಸ್" ಎಂದೆ. ಅವನು ಮುಗುಳ್ನಕ್ಕ. ಮಧ್ಯಾಹ್ನ ಊಟ ಮಾಡಿದ.

ಒಂದು ಸಲಕ್ಕೆ ಮುಗಿಯುತ್ತದೆ ಅಂದುಕೊಂಡಿದ್ದೆ. ಆದರೆ ಮುಂದಿನ ವಾರದ ತೂಕ ನಾನು ಹೇಳಿದ ಸುಳ್ಳಿಗೆ ಹೊಂದಬೇಕಲ್ಲ. ಸಾವಿರದ ನಾನೂರ ಎಪ್ಪತ್ತು ಇದ್ದದ್ದನ್ನು ಸಾವಿರದ ಐನೂರ ನಲವತ್ತು ಎಂದೆ. ಅದರ ಮುಂದಿನ ವಾರ ಇನ್ನಷ್ಟು ಇಳಿದಿತ್ತು. ಈಗ ನಿಜ ಹೇಳಿದರೆ ಒಂದೇ ವಾರದಲ್ಲಿ ನೂರು ಗ್ರಾಂ ಕರಗಿದ ಹಾಗಾಗುತ್ತದೆ, ಅವನ ಎದೆ ಒಡೆಯುತ್ತದೆ. ಹೇಳಲಿಲ್ಲ. ಇವತ್ತಲ್ಲ ನಾಳೆ ಅದು ತಿನ್ನುತ್ತದೆ, ತೂಕ ಮೇಲೇರಿ ನನ್ನ ಸುಳ್ಳನ್ನು ಸೇರಿಕೊಳ್ಳುತ್ತದೆ ಎಂದು ಕಾಯುತ್ತಾ ಕೂತೆ. ನಿಜವಾದ ಅಂಕಿಗಳನ್ನು ಕಾರ್ಡಿನ ಹಿಂಬದಿಗೆ ಪೆನ್ಸಿಲ್ಲಿನಲ್ಲಿ ಬರೆದಿಟ್ಟೆ. ಯಾಕೆ ಬರೆದೆನೋ ಗೊತ್ತಿಲ್ಲ. ಬರೆಯದೆ ಇರಲು ಆಗಲಿಲ್ಲ.

ಒಂದು ಭಾನುವಾರ ಗೆತುಕ್ ಅನ್ನು ಡಬ್ಬಿಯಲ್ಲಿಡುವ ಮುಂಚೆ ಅಣ್ಣ ಸ್ವಲ್ಪ ಹೊತ್ತು ಎರಡೂ ಕೈಯಲ್ಲಿ ಹಿಡಿದುಕೊಂಡೇ ನಿಂತ.

"ಹಗುರ ಆಗಿದೆ ಅನ್ಸುತ್ತೆ" ಎಂದ.

"ಸಾವಿರದ ಐನೂರ ಮೂವತ್ತು ಇದೆಯಲ್ಲ."

"ಹೌದಾ?" ತನ್ನ ಅಂಗೈಗಳನ್ನು ಒಂದಕ್ಕೊಂದು ಉಜ್ಜಿಕೊಂಡ. "ಹಾಗಾದ್ರೆ ಸರಿ ಬಿಡು."

ಏಪ್ರಿಲ್ ಮೊದಲ ವಾರ ಕೋಣೆಗೆ ನೀರಿಡಲು ಹೋದವನು ಬಾಗಿಲಲ್ಲೇ ನಿಂತು, "ನಾರ್, ಗೆತುಕ್ ಉಸಿರಲ್ಲಿ ಏನೋ ಟಿಕ್ ಟಿಕ್ ಅಂತಿದೆ. ನೋಡು" ಎಂದ. ನೋಡಿದೆ. ಬಾಯಿ ಸ್ವಲ್ಪ ತೆರೆದಿತ್ತು, ಅಂಚಿನಲ್ಲಿ ಲೋಳೆ. ಅವತ್ತೇ ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಸೆಮಾರಾಂಗ್‌ಗೆ ಹೋದೆವು. ಬಸ್ಸಿನಲ್ಲಿ ಅಣ್ಣ ಚೀಲವನ್ನು ಅಂಗಿಯೊಳಗೆ ಹೊಟ್ಟೆಗೆ ಒತ್ತಿ ಇಟ್ಟುಕೊಂಡಿದ್ದ, ಬೆಚ್ಚಗಿರಲಿ ಎಂದು. ದಾರಿಯುದ್ದಕ್ಕೂ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಪ್ರತಿ ಸಲವೂ ಕಂಡಕ್ಟರ್ ಯಾವುದೋ ಊರಿನ ಹೆಸರು ಕೂಗುತ್ತಿದ್ದ.

ಪ್ರಾಣಿಗಳ ಡಾಕ್ಟರ್ ಹಪ್ಸಾರಿ ಚಿಕ್ಕ ವಯಸ್ಸಿನವಳು. ಕಾರ್ಡನ್ನು ಕೈಗೆ ತೆಗೆದುಕೊಂಡು, "ಇಷ್ಟು ನೀಟಾಗಿ ಇಟ್ಟಿರೋರನ್ನ ನಾನು ನೋಡೇ ಇಲ್ಲ, ಪಾ" ಎಂದು ಅಣ್ಣನಿಗೆ ಮರ್ಯಾದೆಯಿಂದ ಹೇಳಿದಳು. ಅಣ್ಣ ನಾಚಿಕೊಂಡ. ಆಮೇಲೆ ಹಾವನ್ನು ತಕ್ಕಡಿಗಿಟ್ಟು ಗಟ್ಟಿಯಾಗಿ ಓದಿದಳು, "ಸಾವಿರದ ಮುನ್ನೂರ ಹತ್ತು."

"ನಿಮ್ಮ ತಕ್ಕಡಿ ಕೆಟ್ಟಿದೆ" ಎಂದ ಅಣ್ಣ.

ಅವಳು ಮತ್ತೆ ಇಟ್ಟಳು. ಅಷ್ಟೇ. "ಹೋದ ಭಾನುವಾರ ಸಾವಿರದ ಐನೂರ ಮೂವತ್ತು ಅಂತಿದೆ. ನಾಲ್ಕು ದಿನದಲ್ಲಿ ಇನ್ನೂರ ಇಪ್ಪತ್ತು ಗ್ರಾಂ ಹೋಗಲ್ಲ. ಹೋಗಿದ್ರೆ ಇದು ಬೇರೆ ಏನೋ. ಬೇರೆ ಔಷಧ ಶುರು ಮಾಡ್ಬೇಕಾಗುತ್ತೆ." ಸೂಜಿಯ ಡಬ್ಬಿಯ ಕಡೆ ತಿರುಗಿದಳು.

"ಕಾರ್ಡು ತಿರುಗಿಸಿ ನೋಡಿ, ಡಾಕ್ಟ್ರೇ" ಎಂದೆ.

ಅವಳು ತಿರುಗಿಸಿದಳು. ಪೆನ್ಸಿಲ್ ಅಂಕಿಗಳನ್ನು ಒಂದೊಂದಾಗಿ ಓದಿದಳು, ಬಾಯಿಬಿಟ್ಟು. ಅವನಿಗೆ ಕಣ್ಣು ಕಾಣುವುದಿಲ್ಲವಲ್ಲ, ಕೇಳಲಿ ಎಂದೇ ಇರಬೇಕು. ಅಣ್ಣ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಖಾಲಿ ಚೀಲ ಹಿಡಿದು ಕೂತಿದ್ದ.

ಅದು ಶ್ವಾಸಕೋಶದ ಒಂದು ವೈರಸ್ಸು, ಅದಕ್ಕೆ ಮದ್ದಿಲ್ಲ ಎಂದಳು. ಅಣ್ಣ ಕೇಳಿದ, "ಹತ್ತರಲ್ಲಿ ಒಂದು ಪಾಲು ಇಳಿದಾಗ್ಲೇ ಬಂದಿದ್ರೆ?"

"ಇದು ಉಳೀತಿರ್ಲಿಲ್ಲ, ಪಾ. ಉಳಿದವನ್ನ ಇದ್ರಿಂದ ದೂರ ಇಡಬಹುದಿತ್ತು. ಆಗ ಅವಕ್ಕೆ ಬರ್ತಿರ್ಲಿಲ್ಲ ಅಂತಾನೂ ಖಂಡಿತ ಹೇಳೋಕಾಗಲ್ಲ."

ಹಿಂದಿರುಗುವ ಬಸ್ಸಿನಲ್ಲಿ ಅವನು ಗೆತುಕ್ ಇದ್ದ ಚೀಲವನ್ನು ಮತ್ತೆ ಅಂಗಿಯೊಳಗೆ ಇಟ್ಟುಕೊಂಡ.

"ಮಾಸ್, ಆ ವಾರ ನೀನು ಅನ್ನ ಮುಟ್ಟಿರ್ಲಿಲ್ಲ" ಎಂದೆ.

"ಗೊತ್ತು."

ಇನ್ನೂ ಸ್ವಲ್ಪ ದೂರ ಹೋದ ಮೇಲೆ ತಾನೇ ಹೇಳಿದ, "ಕಣ್ಣು ಹೋಗೋದು ಗೊತ್ತಿತ್ತು. ಕೈನೂ ಹೋಯ್ತು ಅಂತ ಆರು ವಾರ ಅಂದ್ಕೊಂಡಿದ್ದೆ, ನಾರ್." ಬೈದಿದ್ದರೆ ಅಳುತ್ತಿದ್ದೆ. ಅವನು ಬೈಯಲಿಲ್ಲ.

ಗೆತುಕ್ ಒಂಬತ್ತು ದಿನ ಬದುಕಿತು. ಮೇ ತಿಂಗಳಲ್ಲಿ ಕ್ಲೆಪೋನ್‌ಗೆ ಬಂತು, ಆಮೇಲೆ ವಾಜಿಕ್‌ಗೆ. ಡಾಕ್ಟರು ಹೇಳಿದಂತೆ ಒಂದೊಂದನ್ನೂ ಬೇರೆ ಬೇರೆ ಕೋಣೆಯಲ್ಲಿಟ್ಟೆವು. ಅಡುಗೆಮನೆಯಲ್ಲಿ ಒಂದು, ನನ್ನ ಮಂಚದ ಪಕ್ಕ ಒಂದು. ಒಂದನ್ನು ಮುಟ್ಟಿದ ಕೈಯನ್ನು ತೊಳೆದು ಇನ್ನೊಂದನ್ನು ಮುಟ್ಟಿದೆವು. ಸೋಪಿಗೆ ನನ್ನ ಬೆರಳುಗಳ ಚರ್ಮ ಸುಲಿದು ಬಂತು. ಆಗಸ್ಟಿನ ಹೊತ್ತಿಗೆ ಮೂರು ಉಳಿದವು. ಅಣ್ಣನ ಬಲಗಣ್ಣಿನ ಬೆಳಕೂ ಹೋಗಿತ್ತು.

ಈಗಲೂ ಬರೆಯುವವಳು ನಾನೇ. ಬೇರೆ ಯಾರಿದ್ದಾರೆ? ಸರ್ಮಿನಿ ಹಾವೆಂದರೆ ಗೇಟು ದಾಟುವುದಿಲ್ಲ. ಅವನು ಎತ್ತಿ ತಕ್ಕಡಿಗಿಡುತ್ತಾನೆ, ನಾನು ಓದುತ್ತೇನೆ. ಓದಿದ ಮೇಲೆ ಅವನು ಒಂದು ಕ್ಷಣ ತಡೆಯುತ್ತಾನೆ. ನಿಜವಾ ಎಂದು ಒಂದು ಸಲವಾದರೂ ಕೇಳಲಿ ಎಂದು ಕಾಯುತ್ತೇನೆ. ಕೇಳುವುದಿಲ್ಲ.

ಹೋದ ಭಾನುವಾರ ಲುಪಿಸ್ ಸಾವಿರದ ಇನ್ನೂರು ಇತ್ತು, ಹಿಂದಿನ ವಾರಕ್ಕಿಂತ ನಲವತ್ತು ಕಮ್ಮಿ. ಹಾಗೆಯೇ ಹೇಳಿದೆ. ಅಣ್ಣ ಅದನ್ನು ಮತ್ತೆ ಕೈಗೆತ್ತಿಕೊಂಡು ಕುತ್ತಿಗೆಯ ಹತ್ತಿರ ಕಿವಿಯಿಟ್ಟು ತುಂಬಾ ಹೊತ್ತು ಕೇಳಿಸಿಕೊಂಡ.

"ಬರ್ಕೋ" ಎಂದ.

ಬರೆದುಕೊಂಡೆ. ಆಮೇಲೆ ನೀರಿನ ಬಟ್ಟಲು ತೊಳೆಯಲು ಹೋದೆ.