ತೊಳೆಯದ ಬೆರಳು

ನಮ್ಮೂರು ತವುವಾದಲ್ಲಿ ಕಬ್ಬು ಕಡಿಯುವ ಕಾಲ ಬಂತೆಂದರೆ ಗಂಡಸರಿಗೆ ಕಿವಿ ಕೇಳಿಸುವುದಿಲ್ಲ. ಮಧ್ಯಾಹ್ನ ಊಟಕ್ಕೆ ಬಂದ ನನ್ನ ಗಂಡ ಬಿಸುನ್ ದೇವ್, ಬೆಳಗಿನಿಂದ ಕಬ್ಬು ಹಿಡಿದ ಕೈಯನ್ನು ಚಡ್ಡಿಗೆ ಒರೆಸಿಕೊಂಡು ನನ್ನ ಮುಂದೆ ಬೆರಳು ಚಾಚಿದ. (ಎದುರಿಗೆ ‘ರೀ’ ಅನ್ನುತ್ತೇನೆ, ಹಿಂದೆ ‘ಅವನು’ ಅನ್ನುತ್ತೇನೆ; ನಾನು ಇರುವುದೇ ಹಾಗೆ.) ಸೂಜಿ ಕಂಡರೆ ಅವನಿಗೆ ಜೀವವೇ ಹೋಗುತ್ತದೆ. ಒಂಬತ್ತು ವರ್ಷದಿಂದ ಬೆರಳು ಚುಚ್ಚಿ ಸಕ್ಕರೆ ನೋಡುವವಳೂ ನಾನೇ, ಇನ್ಸುಲಿನ್ ಕೊಡುವವಳೂ ನಾನೇ.

"ಕೈ ತೊಳ್ಕೊಂಡ್ ಬನ್ರೀ," ಎಂದು ಚೊಂಬು ಕೊಟ್ಟೆ.

"ಲಾರಿ ನಿಂತಿದೆ, ಬೇಗ ಚುಚ್ಚೇ. ದಿನಾ ನಿಂದೊಂದು ಪುರಾಣ."

"ಸಾಯ್ರಿ ಹಾಗಾದ್ರೆ, ನಂಗೇನು!"

ಚೊಂಬನ್ನು ಅಂಗಳಕ್ಕೆ ಎಸೆದೆ. ಅದೇ ಸಿಟ್ಟಿನಲ್ಲಿ, ನೋಯಲಿ ಎಂದೇ ಜೋರಾಗಿ ಚುಚ್ಚಿದೆ. ಆರೋ ಏಳೋ ಬರಬೇಕಾದ ಮೀಟರಿನಲ್ಲಿ ಇಪ್ಪತ್ತೊಂದು ಬಂತು!

"ಏನ್ ಕದ್ ತಿಂದ್ರಿ?"

"ನಿನ್ ತಲೆ ತಿಂದೆ."

ನರ್ಸಮ್ಮ ಬರೆದುಕೊಟ್ಟ ಚೀಟಿಯಂತೆ ಆರು ಯೂನಿಟ್ ಹೆಚ್ಚಿಗೆ ಸೇರಿಸಿ ಹೊಟ್ಟೆಗೆ ಚುಚ್ಚಿದೆ. ಅವನು ಅರ್ಧ ರೋಟಿ ತಿಂದು ತಟ್ಟೆ ತಳ್ಳಿ ಎದ್ದುಹೋದ.

ಪಾತ್ರೆ, ಬಟ್ಟೆ ಎಲ್ಲ ತೊಳೆದು ಗಂಟೆಯ ಮೇಲೆ ಮೀಟರ್ ಎತ್ತಿಡಲು ಹೋದರೆ, ಅದರಲ್ಲಿ ರಕ್ತ ಹಾಕಿದ್ದ ಪಟ್ಟಿಗೆ ಇರುವೆ ಮುತ್ತಿತ್ತು. ಮುಟ್ಟಿದೆ, ಅಂಟಿತು. ಕಬ್ಬಿನ ಹಾಲು! ಅಯ್ಯೋ ದೇವರೇ, ರಕ್ತದ ಜೊತೆಗೆ ಬೆರಳಿಗೆ ಅಂಟಿದ ಸಕ್ಕರೆಯನ್ನೂ ಅಳೆದುಬಿಟ್ಟಿದ್ದೆ. ಮೈಯಲ್ಲಿ ಇಲ್ಲದ ಸಕ್ಕರೆಗೆ ಔಷಧಿ ಕೊಟ್ಟಿದ್ದೆ. ಅದೀಗ ಇದ್ದಬದ್ದ ಸಕ್ಕರೆಯನ್ನೆಲ್ಲ ಇಳಿಸಿ ಅವನನ್ನು ಕೊಲ್ಲುತ್ತದೆ. ಮೀಟರನ್ನು ಕೈಯಲ್ಲಿ ಹಿಡಿದುಕೊಂಡೇ ಗದ್ದೆಗೆ ಓಡಿದೆ.

ಕೂಗಾಟ ದೂರದಿಂದಲೇ ಕೇಳಿಸಿತು. ಬಿಸುನ್ ಬೆವರಿನಲ್ಲಿ ತೊಯ್ದು, ಯಾರ ಗುರುತೂ ಸಿಗದೆ, ಹತ್ತಿರ ಬಂದವರ ಮೇಲೆಲ್ಲ ಮಚ್ಚು ಬೀಸುತ್ತಿದ್ದ. ಹದಿನೈದು ವರ್ಷ ಅವನೊಂದಿಗೆ ಒಂದೇ ತೆಂಗಿನ ಚಿಪ್ಪಿನಲ್ಲಿ ಯಂಗೋನಾ ಬೇರಿನ ಮತ್ತಿನ ಪಾನಕ ಕುಡಿದ ಇಲೈಸಾನ ಮುಂಗೈ ಮೂಳೆ ಕಾಣುವಷ್ಟು ಸೀಳಿತ್ತು.

"ಹಗಲೇ ಕುಡಿದವ್ನೆ, ಬಡೀರೋ!" ಎಂದು ಗ್ಯಾಂಗಿನ ಸರ್ದಾರ ಪೊನ್ಸಾಮಿ ಕಿರುಚಿದ.

ಬೆನ್ನ ಮೇಲೆ, ತಲೆಯ ಮೇಲೆ ಕಬ್ಬಿನ ಜಲ್ಲೆಗಳು ಮುರಿದವು. ಮಚ್ಚು ಕೈಜಾರಿತು. ಬಿದ್ದವನ ಹೊಟ್ಟೆಗೆ ಬೂಟುಗಾಲಲ್ಲಿ ಒದ್ದರು.

"ಬಿಡ್ರೋ, ನಿಮ್ ಕೈ ಸೇದೋಗ! ಕುಡಿದಿಲ್ಲ ಅವ್ರು, ಸಕ್ಕರೆ ಇಳಿದಿದೆ!"

"ನಡಿಯೇ ಜಾಸೋದಾ, ಕುಡುಕನ್ ಪರ ಬರ್ಬೇಡ," ಎಂದು ಪೊನ್ಸಾಮಿ ನನ್ನ ಜಡೆ ಹಿಡಿದೆಳೆದ.

ಮೀಟರಿನಿಂದಲೇ ಅವನ ಮುಖಕ್ಕೆ ಬಾರಿಸಿದೆ. ಮೀಟರ್ ಒಡೆಯಿತು, ಅವನ ಮೂಗೂ ಒಡೆಯಿತು. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

"ಇಲೈಸಾ ಭಯ್ಯಾ, ನೀನಾದ್ರೂ ಹಿಡ್ಕೋ ಅವ್ರನ್ನ!"

ಇಲೈಸಾ ರಕ್ತ ಸುರಿಯುವ ಕೈಯಲ್ಲೇ ಬಿಸುನ್‌ನನ್ನು ನೆಲಕ್ಕೊತ್ತಿ ಹಿಡಿದ. ನಾನು ಜಲ್ಲೆಯನ್ನು ಹಲ್ಲಿನಿಂದ ಸಿಗಿದು, ಜಗಿದು, ಹಾಲನ್ನು ಬೆರಳಿಗೆ ಉಗುಳಿಕೊಂಡು ಅವನ ವಸಡಿಗೆ ತಿಕ್ಕಿದೆ. ಕಚ್ಚಿದ. ಮೂಳೆ ಕಟಕ್ಕೆಂದಿತು. ಕಣ್ಣು ಕತ್ತಲೆ ಬಂತು, ಆದರೂ ಬೆರಳು ತೆಗೆಯಲಿಲ್ಲ. ಇನ್ನೊಂದು ಕೈಯಿಂದ ಜಗಿದ ಜಲ್ಲೆಯ ಹಾಲು ಹಿಂಡುತ್ತಲೇ ಇದ್ದೆ.

"ನುಂಗ್ರೀ, ನಿಮ್ ದಮ್ಮಯ್ಯ, ನುಂಗ್ರೀ."

ಕಾಲು ಗಂಟೆಯಾದ ಮೇಲೆ ಅವನ ಹಲ್ಲು ಸಡಿಲಿತು. ನನ್ನ ಮುಖದ ಗುರುತು ಹಿಡಿದ. "ನನ್ ಬಾಯೆಲ್ಲ ಯಾಕೆ ರಕ್ತ?" ಎಂದ. ಆಮೇಲೆ ಇಲೈಸಾನ ಜೋತುಬಿದ್ದ ಕೈ ನೋಡಿದ. ಆ ಕೈ ಇನ್ನು ಮಚ್ಚು ಹಿಡಿಯುವ ಹಾಗಿರಲಿಲ್ಲ.

"ಯಾವನೋ ಕಡಿದೋನು ನಿಂಗೆ? ಹೇಳೋ, ಅವನ ಕತ್ತು ಮುರಿತೀನಿ!"

ಇಲೈಸಾ ಮುಖ ತಿರುಗಿಸಿದ. ಪೊನ್ಸಾಮಿ ಮೂಗು ಒತ್ತಿಕೊಂಡು ಏನೋ ಹೇಳಲು ಬಾಯಿ ತೆರೆದ. ಅವನಿಗಿಂತ ಮೊದಲು ನಾನೇ ಹೇಳಿದೆ.

"ಕಡಿದದ್ದು ನಾನೇ. ಕೈ ತೊಳೆಸ್ದೆ ಚುಚ್ಚಿದ್ನಲ್ಲ, ಆಗ್ಲೇ."

ಬಿಸುನ್ ಪಕ್ಕದಲ್ಲಿ ಬಿದ್ದಿದ್ದ ತನ್ನ ಮಚ್ಚನ್ನು ನೋಡಿದ. ಅದರ ಮೇಲಿನ ರಕ್ತವನ್ನು ನೋಡಿದ. ಅವನು ಗೋಳೋ ಎಂದು ಅತ್ತದ್ದನ್ನು ನಾನು ಅವತ್ತೇ ನೋಡಿದ್ದು.